ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರು (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ದೊರೆ. ಸಾಹಿತ್ಯ ಮತ್ತು ಸಂಗೀತಗಳ ಆಶ್ರಯದಾತರೆಂದು ಪ್ರಸಿದ್ಧರಾದ ಇವರು ಹಾಸಿನ ಮೇಲೆ ಆಡುವ ಆಟಗಳ ರಚನಕಾರರೂ ಹೌದು. ಚದುರಂಗದ ಕುದುರೆಯ ನೆಗೆತವನ್ನು ಆಧರಿಸಿದ ಇವರ ರಚನೆಗಳು ಗಣಿತಾಸಕ್ತರಿಗೂ ಪರಿಚಿತವಾಗಿವೆ.

ಜೀವನ

ಜನನ ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಟಿಪ್ಪು ಸುಲ್ತಾನನ ಮರಣಾನಂತರ 1799ರ ಜೂನ್ 30ರಂದು, ಇನ್ನೂ ಐದು ವರ್ಷ ತುಂಬದಿದ್ದ ಇವರಿಗೆ ಪಟ್ಟವಾಯಿತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ರಕ್ಷಣೆಯಲ್ಲಿ ಬೆಳೆದರು. ರಾಜ್ಯಭಾರವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು. ಪ್ರಾಪ್ತವಯಸ್ಕರಾದ ಮೇಲೆ ಸುಮಾರು ಎರಡು ದಶಕ ಸ್ವತಃ ಆಳಿದರು. 1830ರಲ್ಲಿ ತಲೆದೋರಿದ ನಗರದ ದಂಗೆಯ ಬಳಿಕ, 1831ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. ಆಗ ಇವರಿಗೆ 37 ವರ್ಷ. ಸಿಂಹಾಸನ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಅದನ್ನು ಮರಳಿ ಪಡೆಯಲು ಕೊನೆಯವರೆಗೂ ಮನವಿ ಸಲ್ಲಿಸುತ್ತಲೇ ಇದ್ದರು.

ಆಟಗಳು

ಅಧಿಕಾರವಿಲ್ಲದ ಆ ದೀರ್ಘಕಾಲದಲ್ಲಿ ಇವರ ಆಸಕ್ತಿ ಗ್ರಂಥರಚನೆ ಮತ್ತು ಆಟಗಳತ್ತ ತಿರುಗಿತು. ಇದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವುದುಂಟು. ರಚನೆಗಳನ್ನು ನೋಡಿದವರು ಹಾಗೆನ್ನಲಾರರು. ಇವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆಯಿದೆ. ಗಂಜೀಫಾ ಎಲೆಗಳಲ್ಲಿಯೂ ಇವರು ಹಲವು ಹೊಸ ಬಗೆಗಳನ್ನು ಕಲ್ಪಿಸಿದರು. ಇವು ಮೈಸೂರು ಛದ ಎಂದು ಪ್ರಸಿದ್ಧವಾಗಿವೆ.

ಚದುರಂಗದಲ್ಲಿ ಅಡ್ಡಬಂದ ಕಾಯಿಯನ್ನು ದಾಟಿ ಹೋಗಬಲ್ಲುದು ಕುದುರೆಯೊಂದೇ. ಎರಡು ಮನೆ ನೇರವಾಗಿ ನಡೆದು ಒಂದು ಮನೆ ಪಕ್ಕಕ್ಕೆ ಸರಿದರೆ ಯಾವ ಮನೆ ಸಿಗುವುದೋ ಅಲ್ಲಿಗೆ ಅದು ಒಮ್ಮೆಗೇ ನೆಗೆಯುತ್ತದೆ. ಹಳ್ಳಿಯ ಆಡು-ಹುಲಿ ಆಟದಲ್ಲಿ ಹುಲಿ ತಾನು ಹಾರಿದ ಆಡನ್ನೇ ಕೊಲ್ಲುತ್ತದೆ. ಕುದುರೆಯಾದರೋ ಹಾರಿದ ಕಾಯಿಯನ್ನು ಮುಟ್ಟದೆ, ಇಳಿದ ಮನೆಯಲ್ಲಿ ಎದುರಾಳಿಯ ಕಾಯಿಯಿದ್ದರೆ ಅದನ್ನು ಮಾತ್ರ ಹೊಡೆಯುತ್ತದೆ. ಈ ನೆಗೆತದಿಂದಲೇ 64 ಮನೆಗಳನ್ನೂ ತಲಾ ಒಂದೇ ಸಲ ಮುಟ್ಟಿ ಮುಗಿಸುವುದು ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ತುರಗಪದ ಬಂಧವೆಂಬ ಪದ್ಯಚಮತ್ಕಾರದಲ್ಲಿ ಇದೇ ನಡೆಯನ್ನು ಅರ್ಧಹಾಸಿನ ಮೇಲೆ ತೋರಿಸಿದ್ದನು.

ಒಡೆಯರು ಇದಕ್ಕೆ ಮತ್ತೊಂದು ಕಟ್ಟುಪಾಡನ್ನು ಸೇರಿಸಿಕೊಂಡರು. ಅಡ್ಡಲಾಗಿ 12, ಉದ್ದಕ್ಕೆ 12 ಮನೆಗಳಿರುವ ಹಾಸಿನಲ್ಲಿ ಕುದುರೆ ಇಳಿದ ಕ್ರಮದಲ್ಲಿ 1ರಿಂದ 144ರವರೆಗೆ ಅಂಕಿಗಳನ್ನು ಬರೆದರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಕಂಬಸಾಲಿನ ಮೊತ್ತವೂ 870 ಆಗಬೇಕು. ಒಂದು ನೆಗೆತ ತಪ್ಪಿದರೆ ಇಡೀ ಲೆಕ್ಕ ಕೆಡುತ್ತದೆ. ಗಣಕಯಂತ್ರವಿಲ್ಲದ ಕಾಲದಲ್ಲಿ ಇಂತಹ ನಡೆಯನ್ನು ಇವರು ಪೂರ್ಣಗೊಳಿಸಿದರು.

ಕೊನೆಯ ವರ್ಷಗಳು

1865ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ಪಡೆದರು. ಮೈಸೂರು ಮತ್ತೆ ಒಡೆಯರ ವಂಶಕ್ಕೆ ಸಲ್ಲುವುದೆಂದು 1867ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತು. ಮರುವರ್ಷವೇ ಇವರು ನಿಧನರಾದರು. ಆಡಳಿತ ಹಿಂತಿರುಗಿದ್ದು 1881ರಲ್ಲಿ, ಚಾಮರಾಜೇಂದ್ರ ಒಡೆಯರಿಗೆ. ಇವರು ಕಟ್ಟಿಸಿದ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳ ಚಿತ್ರಗಳಿವೆ.