ಕರೆಂಟು ಸರ್ಕಾರದ್ದಾಗಿದ್ದು ಹೀಗೆ: ದಿವಾನ್ ಶೇಷಾದ್ರಿ ಅಯ್ಯರ್ ಬದುಕು

ದೊಡ್ಡನೆಕ್ಕುಂದಿ: ಇಂಟರ್ನೆಟ್ ನಿಂತ್ರೆ ಕಂಪನಿಯವರನ್ನ ಬೈತೀವಿ. ಸಿಲಿಂಡರ್ ತಡವಾದ್ರೆ ಏಜೆನ್ಸಿಯವರನ್ನ. ಕರೆಂಟ್ ಹೋದ್ರೆ ಮಾತ್ರ ಬಾಯಿಗೆ ಬರೋದು ಸರ್ಕಾರ ಅನ್ನೋ ಮಾತು. ಇದು ಎಲ್ಲಾ ಊರಲ್ಲೂ ಹೀಗಿಲ್ಲ. ಕೋಲ್ಕತ್ತದಲ್ಲಿ 1899ರಲ್ಲಿ ಮನೆಮನೆಗೆ ಕರೆಂಟ್ ಕೊಡೋಕೆ ಶುರು ಮಾಡಿದ್ದು ಖಾಸಗಿ ಕಂಪನಿ. ನಮ್ಮಲ್ಲಿ ಮೊದಲ ದಿನದಿಂದಲೇ ಅದು ಸರ್ಕಾರದ ಕೆಲಸ ಆಯ್ತು. ಹಾಗೆ ಆಗೋದಕ್ಕೆ ಕಾರಣರಾದವರಲ್ಲಿ ಮುಖ್ಯರು ಮೈಸೂರಿನ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್. ಶೇಷಾದ್ರಿಪುರಂ ಅನ್ನೋ ಹೆಸರು ಎಲ್ಲರಿಗೂ ಗೊತ್ತು, ಆ ಮನುಷ್ಯ ಯಾರು ಅಂತ ಕೇಳಿದ್ರೆ ಹೇಳುವವರು ಕಮ್ಮಿ.

ಅವರು ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡ್ ಹತ್ತಿರದ ಕುಮಾರಪುರದಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. 1868ರಲ್ಲಿ ಸಿ. ರಂಗಾಚಾರ್ಲು ಅವರ ಮೂಲಕ ಮೈಸೂರಿಗೆ ಬಂದರು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಸಿಕ್ಕಿತು, ರಂಗಾಚಾರ್ಲು ದಿವಾನರಾದರು. ಎರಡೇ ವರ್ಷದಲ್ಲಿ ಅವರು ತೀರಿಕೊಂಡರು. 1883ರಲ್ಲಿ ಆ ಜಾಗಕ್ಕೆ ಬಂದ ಶೇಷಾದ್ರಿ ಅಯ್ಯರ್‌ಗೆ ಇನ್ನೂ 37 ವರ್ಷ. ಅಲ್ಲಿಂದ 18 ವರ್ಷ ಅವರೇ. 1881ರ ನಂತರ ಅಷ್ಟು ಕಾಲ ಮೈಸೂರಿನ ದಿವಾನಗಿರಿ ಮಾಡಿದವರು ಇನ್ನೊಬ್ಬರಿಲ್ಲ.

ಅವರ ಕೈಗೆ ಸಿಕ್ಕ ಖಜಾನೆ ಬರಿದಾಗಿತ್ತು. 1876–78ರ ಧಾತು ವರ್ಷದ ಬರಕ್ಕೆ ಜನ ಸತ್ತು, ಹೊಲ ಪಾಳು ಬಿದ್ದು, ರಾಜ್ಯದ ತಲೆ ಮೇಲೆ ಬ್ರಿಟಿಷ್ ಸರ್ಕಾರದ ಸಾಲ ಕೂತಿತ್ತು. ಹಾಗಾಗಿ ಅವರ ಯೋಜನೆಗಳಲ್ಲೆಲ್ಲ ಒಂದು ಲೆಕ್ಕಾಚಾರ ಕಾಣುತ್ತೆ: ಹಾಕಿದ ದುಡ್ಡು ವಾಪಸ್ ಬರುತ್ತಾ? ರೈಲು ಹಳಿ ಬಂತು, ವಾಣಿವಿಲಾಸ ಸಾಗರದ ಅಣೆಕಟ್ಟು ಕೆಲಸ ಶುರುವಾಯ್ತು, ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹರಿಯಿತು. ಕೋಲಾರದ ಚಿನ್ನದ ಗಣಿಗಳಿಂದ ರಾಜಧನವೂ ಬರ್ತಾ ಇತ್ತು.

ವಿದ್ಯುತ್ತಿನ ಕಥೆ ಆ ಗಣಿಗಳಿಂದಲೇ ಶುರು. ಗಣಿ ಆಳಕ್ಕೆ ಹೋದಷ್ಟೂ ನೀರು ಎತ್ತೋಕೆ, ಅದಿರು ಮೇಲೆ ತರೋಕೆ, ಕಲ್ಲು ಪುಡಿ ಮಾಡೋಕೆ ಶಕ್ತಿ ಬೇಕು. ಉಗಿ ಯಂತ್ರಕ್ಕೆ ಸೌದೆ, ಕಲ್ಲಿದ್ದಲು ತರಿಸೋದು ದುಬಾರಿ. ಇನ್ನೊಂದು ಕಡೆ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕ್ತಾ ಇದ್ದಳು. ಎರಡರ ಮಧ್ಯೆ 92 ಮೈಲಿ. ಅಷ್ಟು ದೂರ ತಂತಿಯಲ್ಲಿ ಕರೆಂಟ್ ಸಾಗಿಸಿದ ಉದಾಹರಣೆ ಆಗ ಜಗತ್ತಲ್ಲೇ ಬೆರಳೆಣಿಕೆಯಷ್ಟು.

ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಕೆನಡಾ ಮೂಲದ ಜೋಲಿ ಡಿ ಲೋಟ್‌ಬಿನಿಯರ್ ಇದು ಆಗುತ್ತೆ ಅಂತ ನಂಬಿದ್ದರು. ದಿವಾನರು ಅವರನ್ನ ಯುರೋಪು, ಅಮೆರಿಕಗಳಿಗೆ ಕಳಿಸಿ ವಿಚಾರಿಸಿದರು. ಆಗ ಚಾಮರಾಜೇಂದ್ರ ಒಡೆಯರ್ ತೀರಿಕೊಂಡು ಐದು ವರ್ಷವಾಗಿತ್ತು. ಮಗ ಇನ್ನೂ ಚಿಕ್ಕವರು, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿ. ಅಂಥ ಹೊತ್ತಿನಲ್ಲಿ ಯಾರೂ ನೋಡದ ತಂತ್ರಜ್ಞಾನಕ್ಕೆ ರಾಜ್ಯದ ದುಡ್ಡು ಹಾಕೋದು ಸಣ್ಣ ಧೈರ್ಯ ಅಲ್ಲ. ನದಿಯ ಆಚೆ ದಡದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ಆ ಸರ್ಕಾರದ ಒಪ್ಪಿಗೆಯೂ ಬೇಕಿತ್ತು.

ನನಗೆ ಮೆಚ್ಚುಗೆಯಾಗೋದು ಅವರು ಕೆಲಸ ಜೋಡಿಸಿದ ಕ್ರಮ. ಮೊದಲು ಯಂತ್ರ ತರಿಸಿ ಆಮೇಲೆ ಗಿರಾಕಿ ಹುಡುಕಲಿಲ್ಲ. ಮೊದಲು ಗಣಿ ಕಂಪನಿಗಳ ಜೊತೆ ಕರಾರು ಮಾಡ್ಕೊಂಡರು, ಆಮೇಲೆ ಕಟ್ಟೋಕೆ ಹೊರಟರು. ಉತ್ಪಾದನೆ, ತಂತಿ, ಮಾರಾಟ ಮೂರೂ ಸರ್ಕಾರದ ಇಲಾಖೆಯದ್ದೇ. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು, ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದ್ದು. ರೈಲು ನಿಲ್ಲುವ ಕಡೆಯಿಂದ ಜಲಪಾತದವರೆಗೆ ಎತ್ತು, ಆನೆಗಳೇ ಆ ಭಾರ ಎಳೆದವು.

1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನ ಹೊರಗೆ ತರೋಕೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಪ್ಲೇಗ್ ಕೆಲಸದವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲಿ ಅಂತ ಊರಲ್ಲಿ ಟೆಲಿಫೋನ್ ತಂತಿ ಎಳೆದದ್ದೂ ಆಗಲೇ. ಐವತ್ತು ವರ್ಷ ಕಳೆದ ಮೇಲೆ ನಮ್ಮ ಪಕ್ಕದ ದೂರವಾಣಿನಗರದಲ್ಲಿ ಐಟಿಐ ಬಂತು, ಇಡೀ ದೇಶಕ್ಕೆ ಟೆಲಿಫೋನ್ ಮಾಡಿಕೊಡ್ತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಟ್ರಾನ್ಸ್‌ಫಾರ್ಮರ್ ಮಾಡ್ತಿದ್ದ ಕಾಲ ಇಲ್ಲಿನ ಹಿರಿಯರಿಗೆ ನೆನಪಿದ್ದೇ ಇದೆ.

ದಿವಾನರಿಗೆ ವಿರೋಧಿಗಳೂ ಇದ್ದರು. ದೊಡ್ಡ ಹುದ್ದೆಗಳನ್ನೆಲ್ಲ ಮದ್ರಾಸಿನವರಿಗೇ ಕೊಡ್ತಾರೆ, ಮೈಸೂರಿನವರಿಗೆ ಜಾಗವಿಲ್ಲ ಅನ್ನೋ ದೂರು ಅವರ ಕಾಲದುದ್ದಕ್ಕೂ ಇತ್ತು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಪ್ರತಿ ದಸರಾಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರ್ತಿತ್ತು. ಅಲ್ಲಿ ದಿವಾನರು ವರ್ಷದ ಜಮಾಖರ್ಚು ಓದಿ ಹೇಳ್ತಿದ್ದರು. ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಆದರೆ ಯಾವುದನ್ನೂ ತಡೆಯೋ ಅಧಿಕಾರ ಅವರಿಗಿರಲಿಲ್ಲ. ಯೋಜನೆ ಮಾಡೋರು, ಮಾರೋರು, ಲೆಕ್ಕ ಒಪ್ಪಿಸೋರು ಎಲ್ಲ ಒಬ್ಬರೇ ಆಗಿದ್ದ ಕಾಲ ಅದು. ಕರೆಂಟಿನ ದರ ಕೇಳಿ ತೀರ್ಮಾನಿಸೋಕೆ ಬೇರೆಯೇ ಒಂದು ಆಯೋಗ ಅಂತ ಬಂದಿದ್ದು 1999ರಲ್ಲಿ, ಕೆಇಆರ್‌ಸಿ. ಈಗ ಬೆಸ್ಕಾಂ ದರ ಬದಲಿಸಬೇಕಂದ್ರೆ ಅಲ್ಲಿ ಅರ್ಜಿ ಹಾಕಬೇಕು, ಸಾರ್ವಜನಿಕ ವಿಚಾರಣೆಯಲ್ಲಿ ನೀವೂ ನಾನೂ ಆಕ್ಷೇಪ ಹೇಳಬಹುದು. ಎಷ್ಟು ಜನ ಹೋಗ್ತೀವಿ ಅನ್ನೋದು ಬೇರೆ ಮಾತು.

1901ರಲ್ಲಿ ಆರೋಗ್ಯ ಕೆಟ್ಟು ಅಧಿಕಾರ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಶಿವನಸಮುದ್ರದ ಕೆಲಸ ಇನ್ನೂ ನಡೀತಾ ಇತ್ತು. 1902ರ ಜೂನ್ ಕೊನೆಗೆ ಕೆಜಿಎಫ್‌ಗೆ ಕರೆಂಟ್ ಹರಿಯಿತು. ಅವರು ಅದನ್ನ ನೋಡಲಿಲ್ಲ.

ಮೊದಲ ಕರೆಂಟು ಹೋಗಿದ್ದು ಬ್ರಿಟಿಷ್ ಕಂಪನಿಗಳ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಮೂರು ವರ್ಷ ಬಿಟ್ಟು, 1905ರ ಆಗಸ್ಟ್‌ನಲ್ಲಿ. ಮೈಸೂರು ಸೀಮೆಯ ಹಳ್ಳಿಗಳ ಸರದಿ ಇನ್ನೂ ಎಷ್ಟೋ ದೂರ. ಹಳ್ಳಿಯವರು ಬುಡ್ಡಿ ದೀಪದಲ್ಲೇ ರಾಗಿ ಮುದ್ದೆ ಉಣ್ಣುವಾಗ ಗಣಿಯಲ್ಲಿ ಮೋಟಾರ್ ತಿರುಗ್ತಿತ್ತು. ಗಣಿಗೆ ಮಾರದೇ ಇದ್ದಿದ್ರೆ ಅಣೆ, ತಂತಿ, ಇಲಾಖೆ ಇದ್ಯಾವುದೂ ಆಗ ಕಟ್ಟೋಕೆ ಆಗ್ತಿರಲಿಲ್ಲ ಅನ್ನೋದು ನಿಜ. ಕಾದವರು ಯಾರು ಅನ್ನೋದೂ ನಿಜ.

ಆ ವಿದ್ಯುತ್ ಕೇಂದ್ರಕ್ಕೆ ಈಗ ಅವರದೇ ಹೆಸರು. ಸ್ಥಳೀಯರು ಕರೆಯೋದು ಬ್ಲಫ್ ಅಂತ. ಸಾಮರ್ಥ್ಯ 42 ಮೆಗಾವಾಟ್, ಇವತ್ತಿನ ಬೆಂಗಳೂರಿಗೆ ಅದು ಯಾವ ಮೂಲೆಗೂ ಸಾಲಲ್ಲ. ಅವರ ಪ್ರತಿಮೆಯನ್ನ 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದರು. ನೋಡಬೇಕು ಅನ್ನೋರು ಗರುಡಾಚಾರ್ ಪಾಳ್ಯದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಪಾರ್ಕ್ ಒಳಗೆ ನಡೆದ್ರೆ ಕೆಂಪು ಬಣ್ಣದ ಲೈಬ್ರರಿ ಕಟ್ಟಡ ಸಿಗುತ್ತೆ, ಅದೂ ಅವರ ನೆನಪಿಗೆ ಕಟ್ಟಿದ್ದೇ. ಅದರ ಎದುರಿಗೇ ನಿಂತಿದ್ದಾರೆ.