ಬಂದೂಕಿನ ದನಿಯನ್ನು ಗಿಟಾರಿಗೆ ಇಳಿಸಿದ ಮಾಜಿ ಸೈನಿಕ

1970ರ ಜನವರಿ 1ರ ರಾತ್ರಿ. ನ್ಯೂಯಾರ್ಕ್ ನಗರದ ಫಿಲ್ಮೋರ್ ಈಸ್ಟ್ ರಂಗಮಂದಿರ. ಜಿಮಿ ಹೆಂಡ್ರಿಕ್ಸ್ ತನ್ನ ಮುಂದಿನ ಗೀತೆಯನ್ನು ಶಿಕಾಗೋ, ಮಿಲ್ವಾಕಿ, ನ್ಯೂಯಾರ್ಕ್‌ಗಳಲ್ಲಿ ಹೋರಾಡುತ್ತಿರುವ ಸೈನಿಕರಿಗೆ ಅರ್ಪಿಸಿದ. ಆಮೇಲೆ, ಮರೆತಿದ್ದನ್ನು ನೆನಪಿಸಿಕೊಂಡವನಂತೆ, ವಿಯೆಟ್ನಾಂನಲ್ಲಿ ಹೋರಾಡುತ್ತಿರುವವರಿಗೂ ಎಂದು ಸೇರಿಸಿದ. ಅಮೆರಿಕದ ಬೀದಿಗಳಲ್ಲಿ ಪೊಲೀಸರಿಗೆ ಎದುರು ನಿಂತವರೂ, ಏಷ್ಯಾದ ಕಾಡುಗಳಲ್ಲಿ ಬಂದೂಕು ಹಿಡಿದವರೂ ಆತನ ಮಾತಿನಲ್ಲಿ ಒಂದೇ ಸಾಲಿಗೆ ಬಂದು ನಿಂತರು. ಬಳಿಕ ಹನ್ನೆರಡು ನಿಮಿಷಕ್ಕೂ ಮಿಗಿಲಾಗಿ ಮೊಳಗಿದ್ದು ‘ಮಷಿನ್ ಗನ್’.

ಯುದ್ಧವಿರೋಧಿ ಗೀತೆಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಆದರೆ ಈ ಹಾಡನ್ನು ಕಟ್ಟಿದವನು ಸ್ವತಃ ಸಮವಸ್ತ್ರ ತೊಟ್ಟು ವಿಮಾನದಿಂದ ಧುಮುಕಿದ್ದವನು.

1942ರ ನವೆಂಬರ್ 27ರಂದು ಸಿಯಾಟಲ್‌ನಲ್ಲಿ ಹೆಂಡ್ರಿಕ್ಸ್ ಹುಟ್ಟಿದಾಗ ತಂದೆ ಸೇನೆಯಲ್ಲಿದ್ದರು. ಬಡತನ, ಒಡೆದ ಸಂಸಾರ, ಹದಿನೈದರ ಹರೆಯದಲ್ಲೇ ತಾಯಿಯ ಸಾವು... ಬಾಲ್ಯವೆಂದರೆ ಇಷ್ಟೇ. 1961ರಲ್ಲಿ ಕದ್ದ ಕಾರುಗಳಲ್ಲಿ ಎರಡು ಬಾರಿ ಸಿಕ್ಕಿಬಿದ್ದ ಆತನ ಮುಂದಿದ್ದುದು ಎರಡೇ ದಾರಿ: ಸೆರೆಮನೆ ಇಲ್ಲವೇ ಸೇನೆ. ಹೆಂಡ್ರಿಕ್ಸ್ ಸೇನೆಯನ್ನು ಆರಿಸಿಕೊಂಡ. ಕೆಂಟಕಿ ಗಡಿಯ ಫೋರ್ಟ್ ಕ್ಯಾಂಬೆಲ್‌ನಲ್ಲಿ 101ನೇ ವಾಯುದಳ ವಿಭಾಗ ಸೇರಿ, ಪ್ಯಾರಾಚೂಟ್ ತರಬೇತಿ ಮುಗಿಸಿ, ಹದ್ದಿನ ಲಾಂಛನವನ್ನೂ ಹೆಮ್ಮೆಯಿಂದಲೇ ಧರಿಸಿದ.

ಆದರೆ ಮನೆಯಿಂದ ತರಿಸಿಕೊಂಡ ಗಿಟಾರು ಶಿಸ್ತಿಗೆ ಮುಳುವಾಯಿತು. ಕರ್ತವ್ಯದ ಹೊತ್ತಿನಲ್ಲಿ ನಿದ್ದೆ, ಲೆಕ್ಕಾಚಾರದ ವೇಳೆಗೆ ಗೈರುಹಾಜರಿ. ಮೇಲಧಿಕಾರಿಗಳ ದೂರುಗಳು ಬೆಳೆದವು. 1962ರಲ್ಲಿ ಸೇನೆ ಆತನನ್ನು ಅವಧಿಗೆ ಮುನ್ನವೇ ಕಳುಹಿಸಿಕೊಟ್ಟಿತು. ಧುಮುಕುವಾಗ ಕಾಲಿನ ಮೂಳೆ ಮುರಿಯಿತೆಂದು ಆತ ಹೇಳಿಕೊಳ್ಳುತ್ತಿದ್ದನಾದರೂ ದಾಖಲೆಗಳು ಹೇಳುವುದು ಅಯೋಗ್ಯತೆಯ ಕಾರಣವನ್ನು. 1965ರ ಜುಲೈನಲ್ಲಿ ಅದೇ ವಿಭಾಗದ ಮೊದಲ ಬ್ರಿಗೇಡು ವಿಯೆಟ್ನಾಂ ನೆಲದಲ್ಲಿ ಇಳಿದಾಗ ಹೆಂಡ್ರಿಕ್ಸ್ ಸೇನೆ ಬಿಟ್ಟು ಮೂರು ವರ್ಷಗಳಾಗಿದ್ದವು. ಸೇನೆ ಆತನಿಗೆ ಕೊಟ್ಟ ಒಂದು ಲಾಭವನ್ನು ಮರೆಯಬಾರದು: ಶಿಬಿರದ ಕ್ಲಬ್ಬಿನಲ್ಲಿ ಆತ ನುಡಿಸುವುದನ್ನು ಹೊರಗಿನಿಂದ ಕೇಳಿ ಒಳಬಂದ ಸೈನಿಕ ಬಿಲ್ಲಿ ಕಾಕ್ಸ್‌ನ ಗೆಳೆತನ.

ಮುಂದಿನದು ಲೋಕವೇ ಬಲ್ಲ ಕಥೆ. ಪರರ ತಂಡಗಳಲ್ಲಿ ದುಡಿಮೆ, 1966ರಲ್ಲಿ ಲಂಡನ್, 1967ರಲ್ಲಿ ಮಾಂಟೆರೆ ಉತ್ಸವದ ಖ್ಯಾತಿ. ಅಚ್ಚರಿಯೆಂದರೆ, ಲಂಡನ್ನಿನ ಆರಂಭದ ದಿನಗಳಲ್ಲಿ ಈತ ಯುದ್ಧವನ್ನು ಸಮರ್ಥಿಸಿಯೇ ಮಾತನಾಡುತ್ತಿದ್ದ. ಆ ನಿಲುವು ಕರಗಲು ಸಮಯ ಹಿಡಿಯಿತು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ವೇದಿಕೆಯ ಮೇಲೆ ಅಮೆರಿಕದ ರಾಷ್ಟ್ರಗೀತೆಯನ್ನು ಬಾಂಬುಗಳ ಸದ್ದಿನೊಂದಿಗೆ ನುಡಿಸುವ ಹೊತ್ತಿಗೆ ‘ಮಷಿನ್ ಗನ್’ ಕೂಡ ರೂಪು ಪಡೆಯುತ್ತಿತ್ತು.

ಫಿಲ್ಮೋರ್ ವೇದಿಕೆಯಲ್ಲಿ ಬಾಸ್ ಗಿಟಾರು ಹಿಡಿದಿದ್ದವನು ಅದೇ ಹಳೆಯ ಸೈನಿಕ ಮಿತ್ರ ಕಾಕ್ಸ್. ಬಡ್ಡಿ ಮೈಲ್ಸ್‌ನ ಡ್ರಮ್ ಗುಂಡಿನ ಸುರಿಮಳೆಯಂತೆ ಬಿಟ್ಟುಬಿಟ್ಟು ಸಿಡಿಯುತ್ತದೆ. ಗಿಟಾರು ಅದರ ಬೆನ್ನಿಗೇ ಒದರುತ್ತದೆ. ಬಳಿಕ ಒಂದೇ ಸ್ವರ ದೀರ್ಘವಾಗಿ ಚೀರುತ್ತ ನಿಲ್ಲುತ್ತದೆ. ತಂತಿಗಳಿಂದ ಹೆಲಿಕಾಪ್ಟರು, ಸೈರನ್ನು, ಗಾಯಾಳುಗಳ ನರಳಾಟ ಹೊಮ್ಮುತ್ತವೆ. ಕೊಲ್ಲುವವನನ್ನೂ ಸಾಯುವವನನ್ನೂ ಎದುರುಬದುರು ತಳ್ಳಿದವನು ಬೇರೊಬ್ಬನೆಂಬ ಅರಿವು ಸಾಹಿತ್ಯದಲ್ಲಿದೆ. ಆದ್ದರಿಂದಲೇ ಇದು ಯುದ್ಧವನ್ನು ದೂರುತ್ತದೆಯೇ ಹೊರತು ಸೈನಿಕನನ್ನು ಹಳಿಯುವುದಿಲ್ಲ.

ವಿಪರ್ಯಾಸ ನೋಡಿ! ಈ ಧ್ವನಿಮುದ್ರಣ ನಡೆದದ್ದು ಹಳೆಯ ಋಣ ತೀರಿಸಲು. 1965ರಲ್ಲಿ ಒಂದು ಡಾಲರಿಗೆ ರುಜು ಹಾಕಿದ್ದ ಒಪ್ಪಂದದ ವ್ಯಾಜ್ಯ ಬಗೆಹರಿಯಲು ಒಂದು ಆಲ್ಬಂ ಕೊಡಬೇಕಿತ್ತು. ಅದೇ 1970ರ ಮಾರ್ಚ್‌ನಲ್ಲಿ ಹೊರಬಂದ ‘ಬ್ಯಾಂಡ್ ಆಫ್ ಜಿಪ್ಸೀಸ್’.

ಅದೇ ವರ್ಷ ಆಗಸ್ಟ್ ಕೊನೆಗೆ ಇಂಗ್ಲೆಂಡಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಆತ ಮತ್ತೆ ‘ಮಷಿನ್ ಗನ್’ ನುಡಿಸಿದ. ನಡುವೆ ಕಾವಲುಗಾರರ ವಾಕಿಟಾಕಿ ಸಂಭಾಷಣೆ ಧ್ವನಿವರ್ಧಕಗಳಿಗೆ ಸೇರಿಕೊಂಡು, ರಣರಂಗದ ರೇಡಿಯೋದಂತೆ ಹಾಡಿನೊಳಗೇ ಬೆರೆತುಹೋಯಿತು. ಮೂರು ವಾರ ತುಂಬುವ ಮುನ್ನ, ಸೆಪ್ಟೆಂಬರ್ 18ರಂದು, ಹೆಂಡ್ರಿಕ್ಸ್ ಲಂಡನ್ನಿನಲ್ಲಿ ಕಣ್ಮುಚ್ಚಿದ. ವಯಸ್ಸು 27. ಸಿಯಾಟಲ್ ಸಮೀಪದ ರೆಂಟನ್‌ನಲ್ಲಿ ಆತನನ್ನು ಮಣ್ಣು ಮಾಡಿದಾಗ ವಿಯೆಟ್ನಾಂ ಯುದ್ಧ ಇನ್ನೂ ನಡೆದೇ ಇತ್ತು.