ಟಿಂಡಲ್ ಅಳೆದ ಹಿಮನದಿ

ಟಿಂಡಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸ್ಕೂಲಿನಲ್ಲಿ ಓದಿದ ಟಿಂಡಲ್ ಪರಿಣಾಮ. ಕತ್ತಲೆ ಕೋಣೆ, ಸಣ್ಣ ತೂತಿನಿಂದ ಬರೋ ಬಿಸಿಲಕೋಲು, ಅದರಲ್ಲಿ ಕುಣಿಯೋ ಧೂಳು. ಎಕ್ಸಾಮಿಗೆ ಅಷ್ಟು ಬರೆದು ನಾವು ಆ ಮನುಷ್ಯನನ್ನು ಅಲ್ಲೇ ಬಿಟ್ಟು ಬಂದೆವು. ಆದರೆ ಜಾನ್ ಟಿಂಡಲ್ ತನ್ನ ಎಷ್ಟೋ ಬೇಸಿಗೆಗಳನ್ನು ಕಳೆದದ್ದು ಲ್ಯಾಬಿನಲ್ಲಲ್ಲ, ಆಲ್ಪ್ಸ್ ಪರ್ವತಗಳ ಹಿಮನದಿಗಳ ಮೇಲೆ. ಕೈಯಲ್ಲಿ ಇದ್ದದ್ದು ಥಿಯೋಡೊಲೈಟ್. ಹೌದು, ನಮ್ಮ ಸಿವಿಲ್‌ನವರು ಸರ್ವೇ ಲ್ಯಾಬಿನಲ್ಲಿ ಬೈಕೊಂಡು ಸೆಟ್ ಮಾಡೋ ಅದೇ ಥಿಯೋಡೊಲೈಟ್.

ಅವನು ಹುಟ್ಟಿದ್ದು 1820ರಲ್ಲಿ, ಐರ್ಲೆಂಡಿನ ಲೀಲಿನ್‌ಬ್ರಿಜ್ ಅನ್ನೋ ಊರಿನಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೇಬಲ್, ಮನೆಯಲ್ಲಿ ದುಡ್ಡಿಲ್ಲ. ಊರ ಶಾಲೆಯಲ್ಲಿ ಕಲಿತ ಗಣಿತದ ಮೇಲೆ 1839ರಲ್ಲಿ ಸರ್ಕಾರಿ ಭೂಮಾಪನ ಇಲಾಖೆಗೆ ಸೇರಿದ. ಆಮೇಲೆ ಇಂಗ್ಲೆಂಡಿಗೆ ವರ್ಗ. ಅಲ್ಲಿ ಸಂಬಳ ಕಡಿಮೆ, ನಡೆಸಿಕೊಳ್ಳೋ ರೀತಿ ಸರಿಯಿಲ್ಲ ಅಂತ ಜೊತೆಯವರೊಂದಿಗೆ ಸೇರಿ ಪ್ರತಿಭಟಿಸಿದ. 1843ರಲ್ಲಿ ಕೆಲಸ ಹೋಯಿತು. ಅವನ ಅದೃಷ್ಟಕ್ಕೆ ಆಗ ಇಂಗ್ಲೆಂಡಿನ ತುಂಬ ರೈಲು ಹಳಿ ಹಾಕೋ ಹುಚ್ಚು. ಸರ್ವೇ ಗೊತ್ತಿದ್ದವರಿಗೆ ಬೇಡಿಕೆ ಬಂತು, ಇವನು ರೈಲ್ವೆ ಸರ್ವೇಯರ್ ಆದ. ಆ ಕೆಲಸದಲ್ಲಿ ಪರಿಚಯವಾದ ಥಾಮಸ್ ಹರ್ಸ್ಟ್ ಜೀವನಪೂರ್ತಿ ಗೆಳೆಯನಾದ, ಮುಂದೆ ಗಣಿತಜ್ಞನೂ ಆದ.

ಇಪ್ಪತ್ತೆಂಟನೇ ವಯಸ್ಸಿಗೆ ಉಳಿಸಿದ ದುಡ್ಡು ತಗೊಂಡು ಜರ್ಮನಿಯ ಮಾರ್ಬುರ್ಗ್‌ಗೆ ಹೊರಟ. ಅಲ್ಲಿ ಪಾಠ ಹೇಳಿದವರಲ್ಲಿ ಒಬ್ಬ ಬುನ್ಸೆನ್. ಬುನ್ಸೆನ್ ಬರ್ನರ್‌ನ ಬುನ್ಸೆನ್ನೇ. ಪಿಎಚ್‌ಡಿ ಮುಗಿಸಿ ಬಂದವನು 1853ರಲ್ಲಿ ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್‌ನಲ್ಲಿ ಪ್ರೊಫೆಸರ್. ಅಲ್ಲಿ ಹಿರಿಯ ಸಹೋದ್ಯೋಗಿಯಾಗಿ ಸಿಕ್ಕವನು ಮೈಕೆಲ್ ಫ್ಯಾರಡೆ. ಹತ್ತು ವರ್ಷದ ಹಿಂದೆ ಕೆಲಸ ಕಳಕೊಂಡು ಕೂತಿದ್ದವನಿಗೆ ಇದು ಸಣ್ಣ ಜಿಗಿತ ಅಲ್ಲ.

1856ರಲ್ಲಿ ಜೀವವಿಜ್ಞಾನಿ ಹಕ್ಸ್‌ಲಿ ಜೊತೆ ಸ್ವಿಟ್ಜರ್ಲೆಂಡಿಗೆ ಹೋದ, ಹಿಮನದಿಗಳನ್ನು ನೋಡಿ ಅಲ್ಲೇ ಸಿಕ್ಕಿಹಾಕಿಕೊಂಡ. ಮರುವರ್ಷ ಫ್ರಾನ್ಸಿನ ಶಮೋನಿ ಕಣಿವೆಯ ಮೆರ್ ದ ಗ್ಲಾಸ್ ಹಿಮನದಿಯ ಮೇಲೆ ಬೀಡುಬಿಟ್ಟ. ಥಿಯೋಡೊಲೈಟ್ ಹಿಡಿಯೋಕೆ ಹಳೇ ದೋಸ್ತ್ ಹರ್ಸ್ಟ್ ಬಂದ. ಕೆಲಸ ಕೇಳೋಕೆ ಸುಲಭ: ಹಿಮನದಿಗೆ ಅಡ್ಡಲಾಗಿ ನೇರ ಸಾಲಿನಲ್ಲಿ ಗೂಟ ಹೊಡೆಯೋದು, ಒಂದು ದಿನ ಬಿಟ್ಟು ಬಂದು ಪ್ರತಿ ಗೂಟ ಎಷ್ಟು ಸರಿದಿದೆ ಅಂತ ನೋಡೋದು. ಬೇಸಿಗೆಯಲ್ಲಿ ಅತಿ ವೇಗದ ಜಾಗದಲ್ಲಿ ದಿನಕ್ಕೆ ಎರಡು ಅಡಿಗೂ ಹೆಚ್ಚು ಓಟ. ನಡುವೆ ಜೋರು, ದಡದಲ್ಲಿ ನಿಧಾನ ಅನ್ನೋದು ಮೊದಲೇ ಗೊತ್ತಿತ್ತು. ಟಿಂಡಲ್ ಕಂಡದ್ದು ಅದಕ್ಕಿಂತ ಸೂಕ್ಷ್ಮ. ಕಣಿವೆ ತಿರುಗಿದ ಕಡೆ ಅತಿ ವೇಗದ ಬಿಂದು ನಡುವೆ ಇರೋದಿಲ್ಲ, ತಿರುವಿನ ಹೊರಗಡೆಗೆ ಸರಿಯುತ್ತದೆ. ಮುಂದಿನ ತಿರುವು ಉಲ್ಟಾ ಇದ್ದರೆ ಅದೂ ಆ ಕಡೆಗೆ ದಾಟುತ್ತದೆ. ನೀರಿನ ನದಿಯ ಥರಾನೇ.

ನಮಗೆ ತುಂಬಾ ಇಷ್ಟವಾದದ್ದು ಇನ್ನೊಂದು ಅಳತೆ. ಟಾಕುಲ್ ಅನ್ನೋ ಕಡೆ ಹಿಮನದಿಯ ಪಕ್ಕ ಕಡಿದ ಗೋಡೆ ಥರ ನಿಂತಿತ್ತು. ಟಿಂಡಲ್ ಅದರ ತಲೆ, ನಡು, ಬುಡ ಮೂರರಲ್ಲೂ ಗೂಟ ನೆಟ್ಟ. ಮೇಲಿಂದ ಕಲ್ಲು ಉರುಳಿ ಬೀಳೋ ಜಾಗ ಅದು. ಮೇಲಿನ ಗೂಟ ದಿನಕ್ಕೆ 6 ಇಂಚು ಸರಿದರೆ ಬುಡದ್ದು ಅದರ ಅರ್ಧಕ್ಕಿಂತ ಕಡಿಮೆ ಸರಿದಿತ್ತು. ಕಡಿಮೆ, ಆದರೆ ಸೊನ್ನೆ ಅಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಕಣ್ಣುಮುಚ್ಚಿ ಬರೆಯೋ ನೋ-ಸ್ಲಿಪ್ ಕಂಡೀಷನ್ ನೆನಪಿಸಿಕೊಳ್ಳಿ. ಹಿಮನದಿ ಅದನ್ನು ಕೇರ್ ಮಾಡಲ್ಲ. ಒಳಗೆ ಹರಿಯೋದಲ್ಲದೆ ತಳದ ಬಂಡೆಯ ಮೇಲೆ ಜಾರುತ್ತದೆ ಕೂಡ. 1859ರ ಡಿಸೆಂಬರಿನಲ್ಲಿ, ಯಾರೂ ಆ ಕಡೆ ತಲೆ ಹಾಕದ ಚಳಿಯಲ್ಲಿ, ಅವನು ಮತ್ತೆ ಹೋಗಿ ಅಳೆದ. ಚಳಿಗಾಲದ ವೇಗ ಬೇಸಿಗೆಯ ಸುಮಾರು ಅರ್ಧ.

ಅಳತೆ ಸರಿ, ಆದರೆ ಗಟ್ಟಿ ಮಂಜುಗಡ್ಡೆ ಹರಿಯೋದಾದರೂ ಹೇಗೆ? ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ 1842ರಲ್ಲೇ ಇದೇ ಮೆರ್ ದ ಗ್ಲಾಸ್ ಅಳೆದು, ಮಂಜು ಒಂದು ದಪ್ಪ ದ್ರವದ ಹಾಗೆ ಹರಿಯುತ್ತದೆ ಅಂದಿದ್ದ. ಟಿಂಡಲ್ ಒಪ್ಪಲಿಲ್ಲ. ದ್ರವ ಆಗಿದ್ದರೆ ಎಳೆದಾಗ ಹಿಗ್ಗಬೇಕು, ಇದು ಬಿರುಕು ಬಿಡುತ್ತಲ್ಲ ಅನ್ನೋದು ಅವನ ವಾದ. ಎರಡು ಮಂಜುಗಡ್ಡೆ ತುಂಡುಗಳನ್ನು ಒತ್ತಿದರೆ ಅಂಟಿಕೊಳ್ಳುತ್ತವೆ ಅಂತ ಫ್ಯಾರಡೆ 1850ರಲ್ಲಿ ತೋರಿಸಿದ್ದ. ಟಿಂಡಲ್ ಮರದ ಅಚ್ಚುಗಳಲ್ಲಿ ಮಂಜನ್ನು ಒತ್ತಿ ಪುಡಿಯಾಗಿಸಿ, ಅದೇ ಪುಡಿ ಅಂಟಿ ಬಟ್ಟಲು, ಮಸೂರ ಆಗೋದನ್ನು ಮಾಡಿ ತೋರಿಸಿದ. ಅವನ ಪ್ರಕಾರ ಹಿಮನದಿಯೂ ಹೀಗೇ, ಒಡೆದು ಒಡೆದು ಅಂಟಿಕೊಳ್ಳುತ್ತಾ ಮುಂದೆ ಹೋಗುತ್ತದೆ.

ಇಲ್ಲಿವರೆಗೆ ವಿಜ್ಞಾನದ ಜಗಳ. ಮುಂದಿನದು ಚೆನ್ನಾಗಿಲ್ಲ. 1859ರಲ್ಲಿ ಫೋರ್ಬ್ಸ್‌ಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಕೊಡೋ ಮಾತು ಬಂದಾಗ ಟಿಂಡಲ್ ಮತ್ತು ಹಕ್ಸ್‌ಲಿ ಅಡ್ಡ ನಿಂತರು, ಪದಕ ಕೈತಪ್ಪಿತು. ರೆಂಡು ಅನ್ನೋ ಪಾದ್ರಿಗೆ ಸಲ್ಲಬೇಕಾದ ಹೆಸರನ್ನು ಫೋರ್ಬ್ಸ್ ಪೂರ್ತಿ ಸಲ್ಲಿಸಲಿಲ್ಲ ಅನ್ನೋದು ಟಿಂಡಲ್‌ನ ದೂರು. ಫೋರ್ಬ್ಸ್ 1868ರಲ್ಲಿ ತೀರಿಕೊಂಡ ಮೇಲೂ ಟಿಂಡಲ್ 1872ರ ಪುಸ್ತಕದಲ್ಲಿ ಅದನ್ನು ಕೆದಕಿದ, ಫೋರ್ಬ್ಸ್ ಕಡೆಯವರು ತಿರುಗಿಬಿದ್ದರು. ತಾನೇ ಅನ್ಯಾಯ ಕಂಡು ಕೆಲಸ ಕಳಕೊಂಡವನು, ಸತ್ತವರ ಮೇಲೆ ಇಷ್ಟು ಹಟ ಹಿಡಿದದ್ದು ನಮಗಂತೂ ಸರಿ ಕಾಣಲಿಲ್ಲ.

ಕೊನೆಗೆ ಗೆದ್ದವರು ಯಾರು ಅಂತ ಕೇಳಿದರೆ ಉತ್ತರಕ್ಕೆ ಸುಮಾರು ನೂರು ವರ್ಷ ಹಿಡಿಯಿತು. 1950ರ ದಶಕದಲ್ಲಿ ಜಾನ್ ಗ್ಲೆನ್ ಲ್ಯಾಬಿನಲ್ಲಿ ಮಂಜುಗಡ್ಡೆ ಮೇಲೆ ಭಾರ ಹೇರಿ ನೋಡಿದ. ವಿರೂಪದ ದರ ಸ್ಟ್ರೆಸ್‌ನ ಸುಮಾರು ಮೂರನೇ ಘಾತಕ್ಕೆ ಅನುಪಾತ. ಸ್ಟ್ರೆಸ್ ಎರಡರಷ್ಟಾದರೆ ಹರಿವು ಎಂಟರಷ್ಟು! ಇಂದಿನ ಹಿಮನದಿ ಮಾಡೆಲ್‌ಗಳ ಒಳಗೆ ಓಡೋದು ಇದೇ ನಿಯಮ. ಅಂದರೆ ಹರಿವಿನ ವಿಷಯದಲ್ಲಿ ಫೋರ್ಬ್ಸ್ ಹೆಚ್ಚು ಹತ್ತಿರ ಇದ್ದ, ಆದರೂ ಮಂಜು ಜೇನುತುಪ್ಪದಂಥ ಸರಳ ದ್ರವ ಅಲ್ಲ.

ಟಿಂಡಲ್‌ನ ಒತ್ತಿ ಅಂಟಿಸೋ ಮಂಜು ಮಾತ್ರ ಕೆಳಗೆ ತಳದಲ್ಲಿ ಬದುಕಿಕೊಂಡಿತು. ಒತ್ತಡ ಹೆಚ್ಚಿದರೆ ಮಂಜು ಕರಗುವ ತಾಪಮಾನ ಇಳಿಯುತ್ತದೆ ಅಂತ 1849ರಲ್ಲಿ ಲೆಕ್ಕ ಹಾಕಿ ಹೇಳಿದವನು ಜೇಮ್ಸ್ ಥಾಮ್ಸನ್, ಕೆಲ್ವಿನ್‌ನ ಅಣ್ಣ, ನಮ್ಮ ಹಾಗೆ ಎಂಜಿನಿಯರಿಂಗ್‌ನವನು. ಮಂಜು ಅಂಟೋದಕ್ಕೆ ಇದೇ ಕಾರಣ ಅನ್ನೋದನ್ನು ಫ್ಯಾರಡೆ ಒಪ್ಪಲಿಲ್ಲ, ಟಿಂಡಲ್ ಕೂಡ ಫ್ಯಾರಡೆ ಕಡೆಗೇ ವಾಲಿದ. ಆದರೆ ಹಿಮನದಿಯ ತಳದಲ್ಲಿ ಬಂಡೆಯ ಉಬ್ಬು ಸಿಕ್ಕಿದಾಗ ಆಗೋದು ಅದೇ: ಮುಂದೆ ಒತ್ತಡಕ್ಕೆ ಕರಗುತ್ತದೆ, ಹಿಂದೆ ದಾಟಿ ಮತ್ತೆ ಹೆಪ್ಪುಗಟ್ಟುತ್ತದೆ. ಟಾಕುಲ್‌ನ ಆ ಬುಡದ ಗೂಟ ಸರಿಯೋ ದಾರಿಗಳಲ್ಲಿ ಇದೂ ಒಂದು.

ಇದೇ ಲೆಕ್ಕ ಅಂಟಾರ್ಕ್ಟಿಕಾಕ್ಕೆ ತಗೊಂಡು ಹೋಗಿ. ಒಂದು ಅಟ್ಮಾಸ್ಫಿಯರ್‌ಗೆ ಕರಗುವ ಬಿಂದು ಇಳಿಯೋದು ಬರೀ 0.0075 ಡಿಗ್ರಿ. ಆದರೆ ತಲೆಯ ಮೇಲೆ ಸುಮಾರು 4 ಕಿಲೋಮೀಟರ್ ಮಂಜು ಇದ್ದರೆ ಅದೇ ಮೈನಸ್ 3ರ ಹತ್ತಿರ ಬರುತ್ತದೆ. ಮಂಜು ಕಂಬಳಿಯ ಹಾಗೆ ಮೇಲಿನ ಚಳಿ ತಡೆಯುತ್ತದೆ, ಕೆಳಗಿಂದ ಭೂಮಿಯ ಶಾಖ ಬರ್ತಾ ಇರುತ್ತದೆ, ತಳ ಕರಗುತ್ತದೆ. ಆ ನೀರು ಎತ್ತ ಹೋಗಬೇಕು ಅನ್ನೋದನ್ನು ತಳದ ಇಳಿಜಾರಿಗಿಂತ ಮೇಲಿನ ಮಂಜಿನ ಇಳಿಜಾರು ಸುಮಾರು ಹತ್ತು ಪಟ್ಟು ಬಲವಾಗಿ ತೀರ್ಮಾನಿಸುತ್ತದೆ. ಹಾಗಾಗಿ ನೀರು ಗುಡ್ಡ ಹತ್ತಲೂಬಹುದು. ಒತ್ತಡ ಕಡಿಮೆ ಇರೋ ಜಾಗ ಸಿಕ್ಕಲ್ಲಿ ನಿಂತು ಸರೋವರ ಆಗುತ್ತದೆ. ಮೈನಸ್ 89.2 ಡಿಗ್ರಿ ದಾಖಲಾದ ವೊಸ್ಟೋಕ್ ನಿಲ್ದಾಣದ ಕೆಳಗೇ ಸುಮಾರು 250 ಕಿಲೋಮೀಟರ್ ಉದ್ದದ ಸರೋವರ ಇದೆ. ಅಂಟಾರ್ಕ್ಟಿಕಾದ ಅಡಿಯಲ್ಲಿ ಈಗ ಗೊತ್ತಿರೋವೇ 600ಕ್ಕೂ ಹೆಚ್ಚು.

ಟಿಂಡಲ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು 1861ರಲ್ಲಿ ವೈಸ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಹತ್ತಿದವರಲ್ಲಿ ಒಬ್ಬ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಶಾಖ ಹೀರೋದನ್ನು ಅಳೆದವನು. ಅಮೆರಿಕದಲ್ಲಿ ಊರೂರು ತಿರುಗಿ ಭಾಷಣ ಮಾಡಿ ಬಂದ ಲಾಭವನ್ನು ಅಲ್ಲಿನ ವಿಜ್ಞಾನ ವಿದ್ಯಾರ್ಥಿಗಳಿಗೇ ಕೊಟ್ಟ. 1876ರಲ್ಲಿ ಲೂಯಿಸಾ ಹ್ಯಾಮಿಲ್ಟನ್‌ಳನ್ನು ಮದುವೆಯಾದ. ಇಬ್ಬರೂ ಸ್ವಿಟ್ಜರ್ಲೆಂಡಿನ ಬೆಲಾಲ್ಪ್‌ನಲ್ಲಿ, ಆಲೆಚ್ ಹಿಮನದಿ ಕಾಣೋ ಎತ್ತರದಲ್ಲಿ, ಒಂದು ಮನೆ ಕಟ್ಟಿಸಿಕೊಂಡರು.

ನಿದ್ದೆ ಬರದ ಕಾಯಿಲೆ ಅವನಿಗೆ ಮೊದಲಿಂದಲೂ ಇತ್ತು. ರಾತ್ರಿಗೆ ಕ್ಲೋರಲ್, ಹೊಟ್ಟೆಗೆ ಮೆಗ್ನೀಷಿಯಾ. 1893ರ ಡಿಸೆಂಬರ್ 4ರ ಬೆಳಿಗ್ಗೆ ಲೂಯಿಸಾ ಬಾಟಲಿ ಅದಲುಬದಲಾಗಿ ಮೆಗ್ನೀಷಿಯಾ ಬದಲು ಕ್ಲೋರಲ್ ಕೊಟ್ಟುಬಿಟ್ಟಳು. ಅಂದೇ ಅವನು ತೀರಿಕೊಂಡ. ಅವನ ಜೀವನಚರಿತ್ರೆ ಬರೆಯಲೆಂದು ಅವಳು ಪತ್ರಗಳು, ಡೈರಿಗಳು, ನೋಟ್ಸ್ ಎಲ್ಲ ಕೂಡಿಸಿಟ್ಟಳು. 1940ರಲ್ಲಿ ಅವಳು ಸಾಯೋವರೆಗೂ ಅದು ಮುಗಿಯಲಿಲ್ಲ. ಪುಸ್ತಕ ಬೇರೆಯವರ ಕೈಯಲ್ಲಿ 1945ರಲ್ಲಿ ಹೊರಬಂತು.